ತೂಕದ ಚೀಟಿ

ಧಾನ್ಯದ ಲಾರಿ ತೂಗುವುದು ನನ್ನ ಕೆಲಸ.
ತುಂಬಿ ಬಂದಾಗ ಒಮ್ಮೆ, ಬರಿದಾಗಿ ಹೊರಟಾಗ ಇನ್ನೊಮ್ಮೆ;
ನಡುವಿನ ವ್ಯತ್ಯಾಸಕ್ಕೆ ಚೀಟಿ ಹರಿದು ಕೊಡುತ್ತೇನೆ.
ನಾರ್ತ್ ಡಕೋಟಾದ ಈ ಬಟ್ಟಬಯಲಲ್ಲಿ
ಹತ್ತೊಂಬತ್ತು ವರ್ಷ ಅಳೆದು ತೂಗಿ ಬದುಕಿದವಳು
ಅಳೆಯದೆ ತೂಗದೆ ತಂದದ್ದು ಇದೊಂದೇ:
ದಿಕ್ಕಿಲ್ಲದ ನಾಯಿಗಳ ಶೆಡ್ಡಿನಿಂದ
ಹರಿದ ಕಿವಿಯ, ಕಂದು ಮೈಯ, ಗಿಡ್ಡ ಕಾಲಿನ ಹೆಣ್ಣು.
ಹೆಸರು ಟರ್ನಿಪ್. ಇಟ್ಟವರು ಯಾರೋ, ಬಿಟ್ಟವರು ಯಾರೋ.

ತಿರುಗಾಡಲು ಹೊರಟರೆ ಅವಳು ಮುಂದೆ,
ಜಲ್ಲಿಯ ಮೇಲೆ ಜಾರುವ ನಾನು ಹಿಂದೆ.
ಅಂಚೆ ಕಚೇರಿಯೆದುರು ಕಂಡ ಆರ್ವಿಲ್ ಟ್ವೆಟ್
ನಗಲಿಲ್ಲ. "ಎಳೆಯೋದು ಚಟ ಅಲ್ಲ ಕಣಮ್ಮ, ಕಸುಬು.
ಹಿಂದೆ ಏನು ಕಟ್ಟಬೇಕು ಅನ್ನೋದು ಗೊತ್ತಿರಬೇಕು, ಅಷ್ಟೆ.
ಸದ್ಯ ನಿನ್ನನ್ನ ಕಟ್ಟಿಕೊಂಡಿದಾಳೆ."

ದರ್ಜಿಯ ಟೇಪು ಹಿಡಿದು
ಕತ್ತು ಅಳೆದ, ಎದೆ ಅಳೆದ, ಬೆನ್ನುದ್ದ ಅಳೆದ.
ಎದೆಗೆ ಅಗಲ ಮೆತ್ತೆ, ಹಿಂಗಾಲಿನಾಚೆ ಅಡ್ಡ ಮರದ ಕೋಲು;
ಪಟ್ಟಿ ಉಸಿರು ಹಿಡಿಯಬಾರದು, ಹೆಗಲು ಉಜ್ಜಬಾರದು.
ಹಲ್ಲು ನೋಡಿ ಎರಡು ವರ್ಷ ಅಂದ. "ಸರಿ, ಮೂಳೆ ಬಲಿತಿದೆ.
ಎಳೆಯ ಮರಿಗೆ ಹೊರೆ ಕಟ್ಟೋನು ನಾಯಿ ಸಾಕೋನಲ್ಲ."

ಮೊದಲು ಭಾರವಲ್ಲ, ಸದ್ದು.
ಒಂದು ಮೊಳ ಸರಪಳಿ.
ಅದು ಕಾಂಕ್ರೀಟಿನ ಮೇಲೆ ಝಣಕ್ ಅಂದದ್ದೇ ತಡ
ಪಿಕಪ್ಪಿನಡಿ ನುಗ್ಗಿದವಳು ಸಂಜೆಯಾದರೂ ಹೊರಬರಲಿಲ್ಲ.
ಯಾವ ಅಂಗಳ ನೆನಪಾಯಿತೋ, ಯಾವ ಗೂಟ.
ನಾನೂ ಪಕ್ಕ ಮಲಗಿದೆ, ಎಣ್ಣೆ ತೊಟ್ಟಿಕ್ಕುವಲ್ಲಿ,
ತಣ್ಣನೆಯ ಸಾಸೇಜು ಹಿಡಿದು,
ಏನೂ ಹೇಳದೆ.

ಅಕ್ಟೋಬರ್ ಪೂರ್ತಿ ಸರಪಳಿಯೊಂದೇ.
ನವೆಂಬರಿಗೆ ಸವೆದ ಟಯರು. ಆಮೇಲೆ ಟಯರಿನಲ್ಲೊಂದು ಇಟ್ಟಿಗೆ,
ಎರಡು ಇಟ್ಟಿಗೆ. ದಿನಕ್ಕೆ ಹತ್ತೇ ನಿಮಿಷ, ವಾರಕ್ಕೆ ಮೂರೇ ದಿನ.
ಸುಸ್ತಿನಲ್ಲಿ ಮುಗಿಸಬೇಡ, ಸೋಲಿನಲ್ಲಂತೂ ಬೇಡವೇ ಬೇಡ;
ಕೊನೆಯ ಸಲ ಇಟ್ಟಿಗೆ ಇಳಿಸು, ಗೆಲ್ಲಿಸು, ಮನೆಗೆ ಹೋಗು.
ಇದಿಷ್ಟೇ ಆರ್ವಿಲನ ಶಾಸ್ತ್ರ. ಉಳಿದದ್ದು ಗಾಳಿಗೆ ಬೈಗುಳ.

ಫೆಬ್ರವರಿ. ಜಾನುವಾರು ಹರಾಜಿನ ಶೆಡ್ಡು.
ತಕ್ಕಡಿಯ ಆ ಬದಿಯಲ್ಲಿ ನಾನು ನಿಂತದ್ದು ಅವತ್ತೇ ಮೊದಲು.
"ನಲವತ್ತೆಂಟು ಪೌಂಡ್," ಅಂದಳು ಚೀಟಿ ಬರೆಯುವ ಹುಡುಗಿ, ತಲೆಯೆತ್ತದೆ,
ಥೇಟ್ ನನ್ನ ಹಾಗೆ.
ಹದಿನಾರು ಅಡಿ ಕಾರ್ಪೆಟ್ಟು. ಅರವತ್ತು ಸೆಕೆಂಡು.
ಮುಟ್ಟುವಂತಿಲ್ಲ, ತಿಂಡಿ ತೋರಿಸುವಂತಿಲ್ಲ,
ಆ ತುದಿಯಲ್ಲಿ ನಿಂತು ಕರೆಯಬಹುದು.
ಕರೆಯಲು ನನ್ನಲ್ಲಿ ಅಂಥ ದನಿಯೆಲ್ಲಿ?
ಮೈಕಿನಲ್ಲಿ ಲಾರಿ ನಂಬರು ಕೂಗಿ ಸವೆದ ಗಂಟಲು.
"ಮುಂದೆ ಬನ್ನಿ," ಅಂದೆ, ಅಭ್ಯಾಸಬಲ.
ಬಂದಳು.
ಮುನ್ನೂರು ಪೌಂಡ್ ಬಂತು. ಐನೂರು ಬಂತು.
ಏಳುನೂರು, ಹೊಟ್ಟೆ ನೆಲಕ್ಕೆ ತಾಗುವಂತೆ ಬಾಗಿ,
ಉಗುರು ಊರಿ, ಅಂಗುಲ ಅಂಗುಲ, ಬಂತು.

ಒಂಬೈನೂರು ಕದಲಲಿಲ್ಲ.
ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು,
ಆಮೇಲೆ ನಿಂತು ನನ್ನನ್ನೇ ನೋಡಿದಳು,
ಲೆಕ್ಕ ತಪ್ಪಿದ್ದು ನಿನ್ನದೇ ಇರಬೇಕು ಎಂಬಂತೆ.
ಗಂಟೆ ಬಾರಿಸಿತು. ತೀರ್ಪುಗಾರ ಹುಬ್ಬು ಹಾರಿಸಿದ್ದೇ
ಇಬ್ಬರು ರೈತರು ಗಾಡಿಯ ಹಿಂದೆ ಬಗ್ಗಿದರು,
ಕಳ್ಳರ ಹಾಗೆ,
ಅಂಗೈ ಊರಿ ಮೆಲ್ಲಗೆ ನೂಕಿದರು.
"ಈಗ ಕರಿ," ಅಂದ ಆರ್ವಿಲ್. "ಅವಳಿಗೆ ಗೊತ್ತಾಗಬಾರದು."

ಚಕ್ರ ಉರುಳಿತು. ಟರ್ನಿಪ್ ಎಳೆದಳು, ಎಳೆದೇ ಎಳೆದಳು,
ಗೆರೆ ದಾಟಿ ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದು
ಇಡೀ ಶೆಡ್ಡೇ ತನ್ನದೆಂಬಂತೆ ಬಾಲ ಬೀಸಿದಳು.
ಹಲಗೆಯ ಮೇಲೆ ಅವಳ ಹೆಸರೆದುರು ಏಳುನೂರು.
ನಮ್ಮಿಬ್ಬರಲ್ಲಿ ಓದು ಬರುವವಳು ನಾನೊಬ್ಬಳೇ.

ಸೋಮವಾರ ಬೆಳಿಗ್ಗೆ, ಲಾರಿಗಳು ಬರುವ ಮುನ್ನ,
ಅವಳನ್ನು ವೇಬ್ರಿಡ್ಜಿನ ನಟ್ಟನಡುವೆ ಕೂರಿಸಿದೆ.
ಇಪ್ಪತ್ತಿಪ್ಪತ್ತರಲ್ಲೇ ಎಣಿಸಬಲ್ಲ ಆ ಯಂತ್ರ
ತಡವರಿಸಿ, ಮಿನುಗಿ, ನಲವತ್ತು ಅಂತು.
ಉಳಿದ ಎಂಟು ಪೌಂಡು ಎಲ್ಲಿ ಅಂತ ನಾನೂ ಕೇಳಲಿಲ್ಲ.
ಚೀಟಿ ಹರಿದು ಕೈಚಾಚಿದೆ.
ತಿಂದುಬಿಟ್ಟಳು.