ಯಥಾಸ್ಥಿತಿ

ಮತ್ತಿಕೆರೆ, ಮೂರನೇ ಅಡ್ಡರಸ್ತೆ. ನಲವತ್ತು ಅರವತ್ತರ ಸೈಟು.
ಅಣ್ಣತಮ್ಮಂದಿರ ದಾವೆ. ಮನೆ ಕೆಡವಿ ಮುಗಿದ ಮೇಲೆ ಬಂತು ತಡೆ:
ಮುಂದಿನ ಆದೇಶದವರೆಗೆ
ಯಥಾಸ್ಥಿತಿ ಕಾಪಾಡತಕ್ಕದ್ದು.
ಆ ಕಾಗದ ಗೇಟಿಗೆ ಅಂಟಿಸಿದ ದಿನ
ಟೇಪು ಹಿಡಿದು ನಿಂತಿದ್ದ ಸರ್ವೆಯರ್ ನಾನು.
ವರದಿಗೆ ಬರೆದೆ: ಇಟ್ಟಿಗೆ ಚೂರು, ಗಾರೆ,
ಕೆಂಪು ನೆಲದ ಎರಡು ತುಂಡು, ಒಂದು ಒರಳುಕಲ್ಲು.
ಬೇರೇನೂ ಇಲ್ಲ.

ಮುಂಗಾರು ಅದನ್ನು ಒಪ್ಪಲಿಲ್ಲ.
ಒರಳಿನ ಗುಳಿಯಲ್ಲಿ ನಿಂತ ನೀರು ಹಸಿರಾಯಿತು.
ಗೋಡೆಯ ಬಿಸಿಲು ಬೀಳದ ಮಗ್ಗುಲಿಗೆ ಪಾಚಿ,
ಪಾಚಿ ಹಿಡಿದಿಟ್ಟ ಧೂಳಿಗೆ ಗರಿಕೆ,
ಗರಿಕೆ ಹಿಡಿದಿಟ್ಟ ಮಣ್ಣಿಗೆ ತುಂಬೆ,
ಆಮೇಲೆ ಎಲ್ಲರನ್ನೂ ಮೊಣಕೈಯಲ್ಲಿ ತಳ್ಳಿಕೊಂಡು
ಕಾಂಗ್ರೆಸ್ ಗಿಡ.

ನಾಲ್ಕನೇ ವರ್ಷ ವಾದಿ ವಕೀಲರನ್ನು ಬದಲಿಸಿದ.
ನಾನು ಮತ್ತೆ ಹೋದಾಗ ಹರಳು ಗಿಡ ನನಗಿಂತ ಎತ್ತರ,
ಅದರ ಬುಡದಲ್ಲಿ ಕಾಂಗ್ರೆಸ್ ಬಿಸಿಲು ಸಾಲದೆ ಬಿಳಿಚಿತ್ತು.
ಹನ್ನೊಂದನೇ ವರ್ಷ, ಪ್ರತಿವಾದಿ ತೀರಿಕೊಂಡ ಮೇಲೆ,
ಹೊಂಗೆಯ ನೆರಳಲ್ಲಿ ಹರಳು ಒಣಕಲು ಕಡ್ಡಿ.
ತಾನು ಹದ ಮಾಡಿದ ನೆಲದಲ್ಲಿ
ತನ್ನ ಮಕ್ಕಳಿಗೇ ಜಾಗವಿಲ್ಲ.
ಯಾರೂ ಮೇಲ್ಮನವಿ ಹಾಕಿರಲಿಲ್ಲ.

ಕಾಂಪೌಂಡಿಗೆ ಒರಗಿದ ಇಸ್ತ್ರಿ ಗಾಡಿ ಮಾಚಮ್ಮನದು.
ಒಂದು ಮಧ್ಯಾಹ್ನ ನನ್ನ ಅಂಗಿಯ ಕಾಲರು ಒತ್ತುತ್ತ ಅಂದಳು:
"ಒಂದ್ ಮಂಕರಿ ಇದ್ಲು ಉರುದ್ರೆ, ಸಾಮಿ,
ಬಟ್ಟೆಗೋಗದು ಇಷ್ಟೇ ಇಷ್ಟು.
ಮಿಕ್ಕಿದ್ದೆಲ್ಲ ನನ್ ಮಕುಕ್ಕೆ, ಬೀದಿಗೆ.
ಕಾವು ಹೋದ್ರೆ ಹೋಯ್ತು, ಕರುದ್ರೆ ಬರಲ್ಲ.
ಬೂದಿ ನೋಡಿ, ಅದು ಎಲ್ಲೂ ಹೋಗಲ್ಲ."
ಬೂದಿಯನ್ನು ಗೋಡೆಯಾಚೆ ಸುರಿದಳು,
ಹದಿನೇಳು ವರ್ಷದಿಂದ ಸುರಿಯುವ ಜಾಗಕ್ಕೇ.
ಅಲ್ಲಿ ಅಣ್ಣೆಸೊಪ್ಪು ದಟ್ಟ. ಸಂಜೆ ಅವಳ ಬೆರಕೆ ಸಾರಿಗೆ
ಅಲ್ಲಿಂದಲೇ ಒಂದು ಹಿಡಿ.

ಅವಳ ಲೆಕ್ಕ ಹಿಡಿದುಕೊಂಡು ನಾನು ಮೇಲೆ ನೋಡಿದೆ.
ಹೊಂಗೆಯ ಎಲೆ ಬಿಸಿಲಲ್ಲಿ ಗಳಿಸಿದ್ದು ಒಂದು ರೂಪಾಯಿ ಅನ್ನಿ.
ತಿಂದ ಹುಳುವಿನ ಮೈಗೆ ಹತ್ತಿದ್ದು ಹತ್ತು ಪೈಸೆ,
ಹುಳು ನುಂಗಿದ ಓತಿಕ್ಯಾತಕ್ಕೆ ಒಂದು.
ನಡುವೆ ಉಸಿರಾಟ, ಓಟ, ಜಗಳ, ಬೆದೆ,
ಎಲ್ಲ ಖರ್ಚು, ಎಲ್ಲ ಕಾವು, ಬೀದಿಗೆ.
ಮೊಬೈಲ್ ಟವರಿನ ತುದಿಯಲ್ಲಿ ಬಿಜ್ಜು ಕೂತಿತ್ತು,
ಪೈಸೆಯ ಹತ್ತರಲ್ಲಿ ಒಂದು ಪಾಲಿಗೆ ಕಾಯುತ್ತ.
ಇಡೀ ಅಡ್ಡರಸ್ತೆಗೆ ಅದೊಂದೇ ಯಾಕೆ ಅಂತ
ಆವತ್ತು ಅರ್ಥವಾಯಿತು.

ಮೊನ್ನೆ ಕೊನೆಯ ಅಳತೆ. ಮೊಮ್ಮಕ್ಕಳು ರಾಜಿಯಾಗಿದ್ದಾರಂತೆ.
ಗೇಟು ತೆರೆಯಲಿಲ್ಲ, ಚಿಲಕದೊಳಗೆ ಬಳ್ಳಿ ನುಗ್ಗಿತ್ತು.
ಪಿಕಳಾರ ಉಗುಳಿದ್ದೋ ಹೇತದ್ದೋ ಒಂದು ಬೀಜ
ಗೋಡೆಯ ಬಿರುಕಲ್ಲಿ ಅತ್ತಿಯಾಗಿ,
ಒರಳುಕಲ್ಲನ್ನು ಬೇರಲ್ಲಿ ಅವಚಿಕೊಂಡಿತ್ತು.
ಟೇಪಿನ ಇನ್ನೊಂದು ತುದಿಯನ್ನು ಮಾಚಮ್ಮ ಹಿಡಿದಳು.
ಹೊಂಗೆಯನ್ನು ಬಳಸಿ, ಲಂಟಾನದ ಮುಳ್ಳಿಗೆ ಸಿಕ್ಕಿ, ಬಿಡಿಸಿ,
ಮೂರು ಸಲ ಎಳೆದೆವು.
ನಲವತ್ತು. ಅರವತ್ತು.
ಅಲ್ಲಿ ಕದಲದೆ ಇದ್ದದ್ದು
ಅದೊಂದೇ.

ಅಂಗೈಯ ಮಸಿಯನ್ನು ಸೀರೆಗೆ ಒರೆಸಿ ಅವಳು ಕೇಳಿದಳು,
"ನಾಳೆ ಜೆಸಿಬಿ ಬರುತ್ತಾ?"
ಗೊತ್ತಿಲ್ಲ ಅಂದೆ.
ಬಗ್ಗಿ ಸೊಪ್ಪು ಕೊಯ್ಯತೊಡಗಿದಳು, ಒಂದು ಹಿಡಿಯಲ್ಲ,
ಮಡಿಲು ತುಂಬ.