ದುಭಾಷಿ

ಮೂರು ಸಲ ಚೀಟಿ ಕಳಿಸಿದ್ದೆ.
ಗುರುವಾರ ಬೆಳಿಗ್ಗೆ ಹತ್ತಕ್ಕೆ, ಪೋಷಕರು ತಪ್ಪದೆ ಬರತಕ್ಕದ್ದು,
ಕೆಳಗೆ ನನ್ನ ಸಹಿ, ಶಾಲೆಯ ನೇರಳೆ ಮೊಹರು.
ಮೂರು ಸಲವೂ ಬಾರದವರ ಪಟ್ಟಿಯಲ್ಲಿ
ಬಸೀಲಿಯಾ ಹೆಸರ ಮುಂದೆ ನಾನೇ ಬರೆದೆ:
ಆಸಕ್ತಿ ಇಲ್ಲ.

ಎಲ್ ಆಲ್ತೊ ಊರಲ್ಲಿ ಗುರುವಾರ ಎಂದರೆ ಸಂತೆ.
ಮೊಲೆ ಬಿಡದ ಕೂಸಿಗೂ ಗೊತ್ತು.
ನನಗೂ ಗೊತ್ತಿತ್ತು; ಗೊತ್ತಿದ್ದದ್ದು
ಚೀಟಿ ಬರೆಯುವ ಕೈಗೆ ಇಳಿದಿರಲಿಲ್ಲ.

ಕೊನೆಗೆ ಅವಳೇ ಬಂದಳು, ಮಂಗಳವಾರ, ಕರೆಯದೆ,
ಗಂಟೆ ಹೊಡೆದು ಮಕ್ಕಳೆಲ್ಲ ಚೆದುರಿದ ಮೇಲೆ.
ಪದರ ಪದರದ ಲಂಗ, ತುಸು ವಾಲಿದ ಬೋಲರ್ ಟೋಪಿ,
ಬೆನ್ನಿನ ಪಟ್ಟೆಬಟ್ಟೆಯ ಗಂಟಿನಲ್ಲಿ
ತೂಕಕ್ಕೆ ಮಾರುವ ನಟ್ಟು ಬೋಲ್ಟು.
ಕೂತಳು, ಗಲ್ಲೆಂದವು. ಬೆಂಚು ಒಂದು ಕಡೆ ಕುಸಿಯಿತು,
ಅದರ ಕಾಲು ಫೆಬ್ರವರಿಯಿಂದ ಹಾಗೇ.
ನಡುವೆ ಲಿಂಬೆರ್, ಒಂಬತ್ತು ವರ್ಷ, ದುಭಾಷಿ.

ನಾನು ಸ್ಪ್ಯಾನಿಷಿನಲ್ಲಿ: ಲೆಕ್ಕದ ಪುಸ್ತಕ ತರುವುದಿಲ್ಲ.
ಕಿಟಕಿಯಾಚೆ ಕೇಬಲ್ ಕಾರು ಎಣಿಸುತ್ತ ಕೂರುತ್ತಾನೆ.
ಅವನು ಐಮಾರದಲ್ಲಿ:
'ಎಣಿಸುವುದರಲ್ಲಿ ನಾನೇ ಮುಂದಂತೆ, ಅಮ್ಮಾ.'

ಮನೆಪಾಠ ಒಂದು ತಿಂಗಳಿಂದ ಖಾಲಿ, ಎಂದೆ.
'ಮೇಷ್ಟ್ರಿಗೆ ಒಂದು ತಿಂಗಳಿಂದ ನೆಗಡಿಯಂತೆ.'

ಮೊನ್ನೆ ಒಬ್ಬನ ಮೂಗಿಗೆ ಗುದ್ದಿದ, ಎಂದೆ.
ತಡೆದ. ಬೂಟಿನ ದಾರ ನೋಡಿಕೊಂಡ.
'ಯಾರಿಗೋ ಮೂಗಲ್ಲಿ ರಕ್ತ ಬಂತಂತೆ.
ಇಷ್ಟು ಎತ್ತರದ ಊರಲ್ಲಿ ಬರುತ್ತದಂತೆ.'

ತುಟಿ ಕಚ್ಚಿಕೊಂಡೆ. ಅವನಿಗೇನು ಗೊತ್ತು,
ನನ್ನಜ್ಜಿ ಸಾಯುವವರೆಗೂ ಬೇರೆ ಮಾತೇ ಆಡಿದವಳಲ್ಲ;
ಕಲ್ಲಿನಂಥ ಒಣ ಆಲೂಗಡ್ಡೆ ನೆನೆಹಾಕುತ್ತ
ನನ್ನ ಬೈದದ್ದು, ಮುದ್ದಿಸಿದ್ದು ಎಲ್ಲ ಅದರಲ್ಲೇ.
ಶಿಕ್ಷಕರ ತರಬೇತಿಗೆ ಹೊರಟ ದಿನ
ಆ ಮಾತನ್ನು ಹಳೆಯಂಗಿಯಂತೆ ಮಡಿಸಿ ತಳಕ್ಕಿಟ್ಟೆ.
ಇಪ್ಪತ್ತಾರು ವರ್ಷ ಈ ಗೋಡೆಗಳೊಳಗೆ
ಸ್ಪ್ಯಾನಿಷಿನಲ್ಲೇ ಕೆಮ್ಮಿದವನು ನಾನು.

'ಕಮಿಸರಾಕಿ, ಬಸೀಲಿಯಾ ತಾಯಿ?' ಎಂದೆ.
ಹೇಗಿದ್ದೀರಿ, ಅಷ್ಟೇ. ಬಾಗಿಲಲ್ಲೇ ಕೇಳಬೇಕಾದದ್ದು.

ಲಿಂಬೆರ್ ಮುಖದ ನೆತ್ತರೆಲ್ಲ ಬೂಟಿಗಿಳಿಯಿತು.

ಅವಳು ಬೆಚ್ಚಲಿಲ್ಲ. ಟೋಪಿ ನೇರ ಮಾಡಿಕೊಂಡು
ಸ್ಪಷ್ಟ, ಸಂತೆಯಲ್ಲಿ ಸಾಣೆ ಹಿಡಿದ ಸ್ಪ್ಯಾನಿಷಿನಲ್ಲಿ:
'ಇದೇ ಮಾತಲ್ಲಿ ದಿನವೂ ಬೋಲ್ಟು ಮಾರುತ್ತೇನೆ, ಮೇಷ್ಟ್ರೇ.
ನೀವಂದದ್ದೆಲ್ಲ ಕೇಳಿಸಿತು.
ಇವನು ಎಲ್ಲಿವರೆಗೆ ಹೋಗುತ್ತಾನೋ ನೋಡೋಣವೆಂದು ಸುಮ್ಮನಿದ್ದೆ.'
ಗಳಿಗೆ ಬಿಟ್ಟು, 'ನೀವೂ ಎಲ್ಲಿವರೆಗೆ ಅಂತ.'

ಮೊದಲು ನಕ್ಕದ್ದು ಯಾರೋ ನೆನಪಿಲ್ಲ.
ಲಿಂಬೆರ್ ಅಂತೂ ಅಲ್ಲ.

ಆಮೇಲೆ ಹೇಳಿದಳು: ಬುಧವಾರ ರಾತ್ರಿ ಹನ್ನೊಂದರವರೆಗೆ
ರಾಶಿಯಿಂದ ಅಳತೆವಾರು ಬೋಲ್ಟು ಆರಿಸುತ್ತಾನಂತೆ,
ಕರೆಂಟು ಹೋದರೂ ನಿಲ್ಲಿಸುವುದಿಲ್ಲವಂತೆ,
ಮಿಲಿಮೀಟರು ಅವನ ಬೆರಳ ತುದಿಯಲ್ಲೇ ಇದೆಯಂತೆ.
'ನಿಮ್ಮ ಪುಸ್ತಕದಲ್ಲಿ ಅದು ಎಷ್ಟನೇ ಪುಟ?'
ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕ ಮುಚ್ಚಿದೆ.
ಮೂಗಿನ ವಿಷಯ ಮಾತ್ರ ಅವಳು ಐಮಾರದಲ್ಲಿ ಆಡಿದಳು,
ಮೆಲ್ಲಗೆ, ಮಗನ ಕಡೆ ತಿರುಗಿ.
ಅದನ್ನು ಯಾರೂ ಅನುವಾದಿಸಲಿಲ್ಲ.

ಪಟ್ಟಿ ತೆರೆದು ಆ ಎರಡು ಪದ ಹೊಡೆದುಹಾಕಿದೆ.
ಒತ್ತಿ ಬರೆದಿದ್ದೆ ಹಾಳಾದ್ದನ್ನು,
ಕೆಳಗಿನ ಹಾಳೆಯ ಮೇಲೂ ಗುರುತು ಮೂಡಿತ್ತು.

ಏಳುವಾಗ ಅವಳು ಬಗ್ಗಿ ಬೆಂಚಿನ ಕಾಲು ನೋಡಿದಳು.
ಗಂಟು ಬಿಚ್ಚಿ, 'ಎಂಟರದ್ದಾ?'
'ಹತ್ತರದ್ದು,' ಅಂದ ಲಿಂಬೆರ್, ತೂತಿಗೆ ಬೆರಳಿಟ್ಟು.
ತಿರುಪಿದಳು. ಬೆಂಚು ನಿಂತಿತು.

'ಎಷ್ಟಾಯಿತು?' ಎಂದೆ, ಅಜ್ಜಿಯ ಮಾತಲ್ಲಿ.
ಎರಡು ಬೊಲಿವಿಯಾನೊ. ಚೌಕಾಸಿ ಮಾಡಿದೆ.
'ಅಮ್ಮ ಒಂದು ಕಾಸೂ ಇಳಿಸಲ್ಲ,'
ಎಂದ ದುಭಾಷಿ,
ಈ ಸಲ ಪದಕ್ಕೆ ಪದ.