ದುಂಡಗೆ ಬರೆದದ್ದು

ಕಾರ್ಕ್ ಪಟ್ಟಣದಲ್ಲಿ ನನ್ನ ಬೆಲೆ ದಿನಕ್ಕೊಂದು ಶಿಲ್ಲಿಂಗ್.
ಐರಿಷ್ ಮಾತನ್ನು ಕಿವಿಯಲ್ಲಿ ತಗೊಂಡು
ಇಂಗ್ಲಿಷ್ ಮಾಡಿ ಬಾಯಲ್ಲಿ ಬಿಡುವ ಕೆಲಸ.
ಕೋರ್ಟಿನಲ್ಲಿ, ಸುಂಕದ ಕಟ್ಟೆಯಲ್ಲಿ,
ಒಮ್ಮೆ ಮಾತ್ರ ತತ್ವಶಾಸ್ತ್ರಕ್ಕೆ.

ಸೈವ್ ಓ ಡ್ರಿಸ್ಕಲ್ ಹುಟ್ಟುಕುರುಡಿ.
ಬೆಣ್ಣೆಪೇಟೆಯ ಪೀಪಾಯಿಗಳಲ್ಲಿ ಹೆಬ್ಬೆಟ್ಟು ಊರಿ
ಇದು ಮೇ ತಿಂಗಳ ಹುಲ್ಲಿನದು, ಇದಕ್ಕೆ ನೀರು ಬಿದ್ದಿದೆ,
ಇದನ್ನು ಕಡೆದವಳ ಮನೆಯಲ್ಲಿ ಅಂದು ಜಗಳ,
ಎನ್ನುವಳು. ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಮಹನೀಯರು ಐವರು.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ.
ಅವರ ಪ್ರಶ್ನೆಗೆ ನನಗಿಂತ ಹೆಚ್ಚು ವಯಸ್ಸು:
ಮುಟ್ಟಿಯೇ ಲೋಕವನ್ನು ಬಲ್ಲವಳಿಗೆ
ತಟ್ಟನೆ ಕಣ್ಣು ಬಂದರೆ
ಗೋಳ ಯಾವುದು, ಘನ ಯಾವುದು,
ಮುಟ್ಟದೆ ಹೇಳಬಲ್ಲಳೇ?
ಹೇಳಿದರೆ, ಅರಿವು ಹುಟ್ಟುವಾಗಲೇ ಒಳಗಿತ್ತು.
ಹೇಳದಿದ್ದರೆ, ಅಷ್ಟೂ ಹೊರಗಿನ ಸಾಲ.

ಮೊದಲು ಕೇಳಿದವನ ಹೆಂಡತಿಗೇ ಕಣ್ಣಿರಲಿಲ್ಲವಂತೆ.
ಅವಳನ್ನೊಂದು ಮಾತು ಕೇಳಿದನೇ?
ಯಾವ ಕಾಗದದಲ್ಲೂ ಇಲ್ಲ.

ವೈದ್ಯ ಸೂಜಿ ತೂರಿಸಿ
ಬೆಣ್ಣೆಯಿಂದ ಕೂದಲೆಳೆದ ಹಾಗೆ ಪೊರೆ ಸರಿಸಿದ.
ಒಂಬತ್ತು ದಿನ ಪಟ್ಟಿ. ಹತ್ತನೆಯ ದಿನ
ಕೋಣೆ ಖಾಲಿ ಮಾಡಿಸಿದರು: ಹೂಜಿ, ಗಡಿಯಾರ, ನಾಯಿ.
ಉತ್ತರಕ್ಕೆ ಸುಳಿವಾಗುವ ಏನೂ ಉಳಿಯಕೂಡದು.
ನನಗೂ ಹೇಳಿದರು, ಉಸಿರು ಮೆಲ್ಲಗೆ.
ಮೇಜಿನ ಮೇಲೆ ದಂತದ ಗೋಳ, ದಂತದ ಘನ.
ಪಟ್ಟಿ ಬಿಚ್ಚಿದರು.

ಅವಳು ಮೇಜು ನೋಡಲಿಲ್ಲ.
ಕಿಟಕಿಯತ್ತ ಮುಖವೆತ್ತಿ
ಕಾದ ಪಾತ್ರೆ ಮುಟ್ಟಿದವಳಂತೆ ಹಿಂದೆ ಸರಿದಳು.
ಆಮೇಲೆ ಕೈ ಚಾಚಿದಳು.
ಒಬ್ಬರು ಮಣಿಕಟ್ಟು ಹಿಡಿದರು:
"ಕೈ ಬೇಡ. ಕೈಯನ್ನು ನಾವು ಕೇಳಿಲ್ಲ."
ಬಹಳ ಹೊತ್ತಿನ ಮೇಲೆ ಒಂದೇ ಮಾತು ಬಂತು.
"ಕ್ರೀನ್."

ಐದು ಮುಖ ನನ್ನ ಕಡೆ ತಿರುಗಿದವು.

ನಮ್ಮ ಮಾತಿನಲ್ಲಿ ಕ್ರೀನ್ ಎಂದರೆ ದುಂಡು.
ಕ್ರೀನ್ ಎಂದರೆ ಖಚಿತ, ಎಳ್ಳಷ್ಟೂ ಆಚೀಚೆ ಇಲ್ಲದ್ದು.
ಕ್ರೀನ್ ಎಂದರೆ ನೆರೆದದ್ದು, ಎಲ್ಲ ಬಂದು ಸೇರಿದ್ದು.
ಗೋಳವನ್ನು ಕಂಡಳೋ,
ಕಂಡದ್ದೇನೋ ನಿಚ್ಚಳವಾಗಿದೆ ಎಂದಳೋ,
ಇಲ್ಲಾ, ಬೆಳಕಿನಲ್ಲಿ ಅಲುಗುವ ಐದು ಕಲೆಗಳಿಗೆ
ಓ, ಎಲ್ಲರೂ ಬಂದಿರಾ, ಎಂದಳೋ.
ಅವಳನ್ನೇ ಕೇಳಲು ಬಾಯಿ ತೆರೆದೆ.
"ಮರುಪ್ರಶ್ನೆ ಕೂಡದು, ಪ್ರಯೋಗ ಕೆಡುತ್ತದೆ.
ಏನಂದಳು?"

ದುಂಡು, ಅಂದೆ.
ಗುಮಾಸ್ತ ಅದನ್ನು ಬಲು ದುಂಡಗೆ ಬರೆದ.
ಐವರೂ ಸಾಕ್ಷಿ ಹಾಕಿದರು.
ಶಿಲ್ಲಿಂಗಿಗೂ ಒಂದು ರುಜು ಇತ್ತು, ನನ್ನದು.

ಮೂರು ವಾರಕ್ಕೆ ಕಣ್ಣು ಬಾತು
ಮತ್ತೆ ಕತ್ತಲೆ ಕಟ್ಟಿತು. ಅದು ದಾಖಲಾಗಲಿಲ್ಲ,
ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲವಲ್ಲ.

ಹುಡುಕಿಕೊಂಡು ಹೋದೆ.
ಅಂದು ನೀನು ಅಂದದ್ದೇನು, ಸೈವ್?
ಅವಳು ಬೆಣ್ಣೆಯ ಕೈಯನ್ನು ಲಂಗಕ್ಕೆ ಒರೆಸಿ
ಬುಟ್ಟಿಯಿಂದ ಎರಡು ಉಣ್ಣೆಯುಂಡೆ ತೆಗೆದು
ನನ್ನ ಎರಡು ಅಂಗೈಯಲ್ಲಿಟ್ಟಳು.
"ಕಣ್ಣು ಮುಚ್ಚು. ಒಂದು ನೀಲಿ, ಒಂದು ಕೆಂಪು.
ಆ ಮೂರು ವಾರದಲ್ಲಿ ನಾನೇ ಆರಿಸಿ ತಂದದ್ದು.
ನೀಲಿ ಯಾವುದು, ಹೇಳು."

ಮುಚ್ಚಿದೆ.
ಎರಡೂ ಬೆಚ್ಚಗೆ. ಎರಡಕ್ಕೂ ಕುರಿಯ ನಾತ.
ಒಂದು ಕೊಂಚ ಒರಟು ಅನಿಸಿತು, ಆಮೇಲೆ ಇನ್ನೊಂದು.
ಸುತ್ತ ಪೀಪಾಯಿ ಉರುಳುವ ಸದ್ದು,
ಯಾರೋ ಬೆಲೆ ಕೂಗುತ್ತಿದ್ದರು.
ಅವಳ ಬೆರಳು ನನ್ನ ಮಣಿಕಟ್ಟಿನ ಮೇಲಿತ್ತು,
ತಡೆಯಲಿಕ್ಕಲ್ಲ, ನಾಡಿ ನೋಡಲಿಕ್ಕೆ.

ಗೊತ್ತಿಲ್ಲ, ಅಂದೆ.

"ಹಾಗಾದರೆ ಅದನ್ನು ಕ್ರೀನಾಗಿ ಬರೆದುಕೋ"
ಎನ್ನುತ್ತ ಉಂಡೆಗಳನ್ನು ಕಿತ್ತುಕೊಂಡು
ಮುಂದಿನ ಪೀಪಾಯಿಗೆ ಹೆಬ್ಬೆಟ್ಟು ಒತ್ತಿದಳು.